ಪ್ರಿಂಟರಿಗೆ ಮನೆಯಲ್ಲಿ ಮಸಿ ತುಂಬುವ ಬಗೆ

ನಮ್ಮ ಪುಣೆಯ ಕಸಬಾ ಪೇಠೆಯಲ್ಲಿ ತಾಂಬಟ ಆಳಿ ಎಂಬ ಓಣಿಯೊಂದಿದೆ. ತಾಮ್ರವನ್ನು ಬಡಿದು ಹಂಡೆ, ಕೊಡ, ತಂಬಿಗೆಗಳನ್ನು ಮಾಡುವವರ ಓಣಿಯದು. ಅಲ್ಲಿ ನಡೆದುಹೋಗುವಾಗ ಸುತ್ತಿಗೆಯ ಸದ್ದು ಕಿವಿಗೆ ಬೀಳುತ್ತದೆ. ತಾಮ್ರದ ಪಾತ್ರೆಯ ಒಳಮೈಗೆ ಹಾಕಿದ ಕಲಾಯಿ ಕೆಲವು ಕಾಲದ ಮೇಲೆ ಸವೆದುಹೋಗುವುದು ಸಹಜ. ಕಲಾಯಿ ಸವೆಯಿತೆಂದು ನಮ್ಮ ಹಿರಿಯರು ಪಾತ್ರೆಯನ್ನು ಎಸೆಯುತ್ತಿರಲಿಲ್ಲ. ಮತ್ತೆ ಕಲಾಯಿ ಹಾಕಿಸುತ್ತಿದ್ದರು. ಗಾದಿಯ ಅರಳೆ ಗಟ್ಟಿಯಾದರೆ ಹಿಂಜಿಸುತ್ತಿದ್ದರು. ಪೆನ್ನಿನ ಮಸಿ ತೀರಿದರೆ ದೌತಿಯಿಂದ ತುಂಬುತ್ತಿದ್ದರು. ತೀರಿದ ವಸ್ತು ಯಾವುದು, ಉಳಿದ ವಸ್ತು ಯಾವುದು ಎಂಬುದನ್ನು ಅವರು ಬೇರೆ ಬೇರೆಯಾಗಿ ಅರಿತಿದ್ದರು.

ಈಗ ಅನೇಕ ಮನೆಗಳಲ್ಲಿ ಗಣಕಯಂತ್ರದ ಬದಿಗೆ ಚಿಕ್ಕದೊಂದು ಇಂಕ್‌ಜೆಟ್ ಪ್ರಿಂಟರ್ ಇರುತ್ತದೆ. ಶಾಲೆಯ ಪ್ರಕಲ್ಪ, ಹಾಲ್‌ಟಿಕೀಟು, ಊರಿಗೆ ಹೋಗುವ ರೈಲಿನ ಟಿಕೀಟು, ಇವೆಲ್ಲವೂ ಅದರಿಂದಲೇ ಹೊರಬರುತ್ತವೆ. ಒಂದು ದಿನ ಅಕ್ಷರಗಳು ಮಾಸಿ, 'ಮಸಿ ತೀರಿತು' ಎಂಬ ಸೂಚನೆ ಬರುತ್ತದೆ. ಆಗ ಕಾರ್ಟ್ರಿಜ್ ಎಂದು ಕರೆಯುವ ಆ ಸಣ್ಣ ಪೆಟ್ಟಿಗೆಯನ್ನು ತೆಗೆದು ಕಸದ ಬುಟ್ಟಿಗೆ ಹಾಕಿ ಹೊಸದನ್ನು ತರುವುದು ವಾಡಿಕೆ. ಆದರೆ ಅಲ್ಲಿ ತೀರಿದ್ದು ಯಾವುದು? ಚಿಕ್ಕ ಕಾರ್ಟ್ರಿಜ್ಜುಗಳಲ್ಲಿರುವ ಕಪ್ಪು ಮಸಿ ಒಂದು ಚಹಾ ಚಮಚೆಯಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ತೀರಿದ್ದು ಅಷ್ಟೇ. ಉಳಿದದ್ದು ಬಹು ಸೂಕ್ಷ್ಮವಾದ ಒಂದು ಯಂತ್ರ. ಅದಕ್ಕೆ ಮನೆಯಲ್ಲಿಯೇ ಮತ್ತೆ ಮಸಿ ತುಂಬಬಹುದೇ? ತುಂಬಬಹುದಾದರೆ ಹೇಗೆ? ತುಂಬುವುದು ಲಾಭವೇ? ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸೋಣ.

ಹನಿ ಹಾರುವ ಬಗೆ

ತುಂಬುವುದಕ್ಕೆ ಮೊದಲು ಒಳಗೆ ಏನಿದೆ ಎಂಬುದನ್ನು ತಿಳಿಯಬೇಕು. ಇಂಕ್‌ಜೆಟ್ ಯಂತ್ರವು ಕಾಗದವನ್ನು ಮುಟ್ಟದೆ ಬರೆಯುತ್ತದೆ. ಕಾರ್ಟ್ರಿಜ್ಜಿನ ತಳದಲ್ಲಿರುವ ಸಣ್ಣ ತಗಡಿನಂಥ ಭಾಗದಲ್ಲಿ ನೂರಾರು ರಂಧ್ರಗಳಿರುತ್ತವೆ. ಅವುಗಳ ಅಗಲ ಸಾಮಾನ್ಯವಾಗಿ ನಮ್ಮ ತಲೆಗೂದಲಿನ ದಪ್ಪದ ಮೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಪ್ರತಿಯೊಂದು ರಂಧ್ರದಿಂದಲೂ ಮಸಿಯ ಅತಿ ಸಣ್ಣ ಹನಿಗಳು ಚಿಮ್ಮಿ ಕಾಗದದ ಮೇಲೆ ಬಿದ್ದು ಚುಕ್ಕೆಗಳಾಗುತ್ತವೆ. ನಾವು ಓದುವ ಅಕ್ಷರ ಈ ಚುಕ್ಕೆಗಳ ಗುಂಪು. ಒಂದು ಹನಿಯ ಗಾತ್ರ 4 ಪಿಕೊಲೀಟರ್ ಎಂದಿಟ್ಟುಕೊಂಡರೆ, ಒಂದೇ ಒಂದು ಮಿಲಿಲೀಟರ್ ಮಸಿಯಲ್ಲಿ ಇಂಥ 25 ಕೋಟಿ ಹನಿಗಳಾಗುತ್ತವೆ. ಚಮಚೆಯಷ್ಟು ಮಸಿ ನೂರಾರು ಪುಟಗಳಿಗೆ ಹೇಗೆ ಸಾಲುತ್ತದೆಂಬುದು ಇದರಿಂದ ತಿಳಿದುಬರುತ್ತದೆ.

ಹನಿಯನ್ನು ಚಿಮ್ಮಿಸುವ ಉಪಾಯಗಳು ಮುಖ್ಯವಾಗಿ ಎರಡು. ಮೊದಲನೆಯದು ಶಾಖದ ಉಪಾಯ. ಇದರ ಹಿಂದೆ ಸ್ವಾರಸ್ಯವಾದ ಸಂಗತಿಯೊಂದಿದೆ. 1977ರಲ್ಲಿ ಜಪಾನಿನ ಕೆನನ್ ಕಂಪನಿಯ ಪ್ರಯೋಗಶಾಲೆಯಲ್ಲಿ ಬೆಸುಗೆ ಹಾಕುವ ಬಿಸಿ ಕಬ್ಬಿಣವು ಮಸಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ತಾಗಿ ತಗಲಿತು. ತಗಲಿದೊಡನೆ ಸೂಜಿಯ ತುದಿಯಿಂದ ಮಸಿ ಚಿಮ್ಮಿತು. ನೋಡಿದವರು ಅದನ್ನು ಅಲಕ್ಷಿಸದೆ ಕಾರಣವನ್ನು ಹುಡುಕಿದರು. ಕಾದ ಸ್ಥಳದಲ್ಲಿ ಮಸಿಯ ಒಂದಂಶ ಆವಿಯಾಗಿ ಗುಳ್ಳೆ ಏಳುತ್ತದೆ, ಆ ಗುಳ್ಳೆ ಮುಂದಿನ ಮಸಿಯನ್ನು ಹೊರಕ್ಕೆ ನೂಕುತ್ತದೆ ಎಂಬುದು ಅವರಿಗೆ ಗೊತ್ತಾಯಿತು. ಅದೇ ಕಾಲದಲ್ಲಿ ಅಮೇರಿಕೆಯ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯವರೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡುಕೊಂಡರು. ಈಗಿನ ಯಂತ್ರಗಳಲ್ಲಿ ಪ್ರತಿಯೊಂದು ರಂಧ್ರದ ಹಿಂದೆಯೂ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ಒಲೆಯಿರುತ್ತದೆ. ಅದು ಸೆಕೆಂಡಿನ ದಶಲಕ್ಷಾಂಶದ ಕೆಲವೇ ಭಾಗಗಳಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಆರುತ್ತದೆ. ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಹೀಗೆ ಮಾಡಬಲ್ಲುದು.

ಎರಡನೆಯದು ಒತ್ತಡದ ಉಪಾಯ. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸೋದರರು 1880ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ವಿಲೋಮವಾಗಿ, ಅಂಥ ವಸ್ತುವಿಗೆ ವಿದ್ಯುತ್ತನ್ನು ಕೊಟ್ಟರೆ ಅದು ತುಸು ಬಾಗುತ್ತದೆ. ಎಪ್ಸನ್ ಕಂಪನಿಯ ಯಂತ್ರಗಳಲ್ಲಿ ಈ ಬಾಗುವಿಕೆಯೇ ಮಸಿಯನ್ನು ಹೊರಕ್ಕೆ ಒತ್ತುತ್ತದೆ.

ಮಸಿ ತುಂಬುವವರಿಗೆ ಈ ಭೇದ ಮುಖ್ಯವಾದದ್ದು. ಒತ್ತಡದಿಂದ ನಡೆಯುವ ರಂಧ್ರಗಳ ಭಾಗ ಯಂತ್ರದಲ್ಲಿಯೇ ಸ್ಥಿರವಾಗಿರುತ್ತದೆ. ಶಾಖದಿಂದ ನಡೆಯುವ ಚಿಕ್ಕ ಯಂತ್ರಗಳಲ್ಲಿಯಾದರೋ ರಂಧ್ರಗಳೂ ಒಲೆಗಳೂ ಎಷ್ಟೋ ಸಲ ಕಾರ್ಟ್ರಿಜ್ಜಿನಲ್ಲಿಯೇ ಕೂಡಿಕೊಂಡಿರುತ್ತವೆ. 1984ರಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನವರು ಹೊರತಂದ ಥಿಂಕ್‌ಜೆಟ್ ಎಂಬ ಯಂತ್ರದಲ್ಲಿ ಮಸಿಯೊಡನೆ ರಂಧ್ರಗಳ ಭಾಗವನ್ನೂ ಬದಲಿಸುವ ಏರ್ಪಾಡಿತ್ತು. ಅಂದಿನಿಂದ ಈ ಪದ್ಧತಿ ಬೆಳೆಯಿತು. ಮನೆಯಲ್ಲಿ ಸೂಜಿಯಿಂದ ತುಂಬಲು ಹೆಚ್ಚಾಗಿ ಒದಗುವವು ಇಂಥ ಕಾರ್ಟ್ರಿಜ್ಜುಗಳೇ.

ಮಸಿ ಏಕೆ ಸುರಿದುಹೋಗುವುದಿಲ್ಲ?

ತಳದಲ್ಲಿ ನೂರಾರು ರಂಧ್ರಗಳಿದ್ದರೂ ಮಸಿ ಏಕೆ ತಾನಾಗಿ ಸೋರುವುದಿಲ್ಲ? ಈ ಪ್ರಶ್ನೆಗೆ ಉತ್ತರವನ್ನು ತಿಳಿಯದೆ ತುಂಬಲು ಹೊರಟವರು ಕೈಯನ್ನೂ ಮೇಜನ್ನೂ ಕಪ್ಪು ಮಾಡಿಕೊಳ್ಳುತ್ತಾರೆ. ಇಂಥ ಅನೇಕ ಕಾರ್ಟ್ರಿಜ್ಜುಗಳ ಒಳಗೆ ಸ್ಪಂಜು ತುಂಬಿರುತ್ತದೆ. ಹಣತೆಯ ಬತ್ತಿ ಎಣ್ಣೆಯನ್ನು ಹೀರಿ ಹಿಡಿದಿಟ್ಟುಕೊಳ್ಳುವಂತೆ ಸ್ಪಂಜಿನ ಸಣ್ಣ ಸಣ್ಣ ಸಂದುಗಳು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದಕ್ಕೆ ಕೇಶಾಕರ್ಷಣೆ ಎಂದು ಹೆಸರು. ಸ್ಪಂಜು ಮಸಿಯನ್ನು ಹಿಂದಕ್ಕೆ ಎಳೆಯುತ್ತಿರುವುದರಿಂದ ರಂಧ್ರದ ಬಾಯಿಯಲ್ಲಿ ಮಸಿ ನಿಲ್ಲುತ್ತದೆಯೇ ಹೊರತು ಹರಿಯುವುದಿಲ್ಲ. ಗುಳ್ಳೆಯ ನೂಕು ಬಂದಾಗ ಮಾತ್ರ ಒಂದೊಂದೇ ಹನಿ ಹೊರಡುತ್ತದೆ.

ಹೊರಟುಹೋದ ಹನಿಯ ಸ್ಥಳವನ್ನು ಗಾಳಿ ತುಂಬಬೇಕು. ಅದಕ್ಕಾಗಿ ಕಾರ್ಟ್ರಿಜ್ಜಿನ ಮೇಲ್ಭಾಗದಲ್ಲಿ, ಅಂಟಿಸಿದ ಚೀಟಿಯ ಅಡಿಯಲ್ಲಿ, ಸಣ್ಣದೊಂದು ಗಾಳಿಯ ದಾರಿಯಿರುತ್ತದೆ. ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಗಳಗಳನೆ ತಡೆತಡೆದು ಬರುತ್ತದೆ. ಎದುರಿಗೆ ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಬೀಳುತ್ತದೆ. ಇದನ್ನು ಅಡಿಗೆಮನೆಯಲ್ಲಿ ಎಲ್ಲರೂ ಕಂಡಿದ್ದೇವೆ. ಆದರೂ ಕಂಡದ್ದು ಸಮಯಕ್ಕೆ ನೆನಪಾಗುವುದಿಲ್ಲ. ನಾವು ಮೊದಲ ಸಲ ಮಸಿ ತುಂಬಿದಾಗ ಸೋರಬಾರದೆಂಬ ಅತಿಯಾದ ಎಚ್ಚರಿಕೆಯಿಂದ ಮೇಲಿನ ತೂತುಗಳನ್ನೆಲ್ಲ ಅಂಟುಪಟ್ಟಿಯಿಂದ ಬಿಗಿಯಾಗಿ ಮುಚ್ಚಿಬಿಟ್ಟೆವು. ಮಾರನೆಯ ಬೆಳಿಗ್ಗೆ ಶಾಲೆಗೆ ಒಪ್ಪಿಸಬೇಕಾದ ಪ್ರಕಲ್ಪದ ಪುಟಗಳು ಅವು. ಮೊದಲ ಪುಟ ಅಂದವಾಗಿ ಬಂದಿತು. ಎರಡನೆಯ ಪುಟದ ನಡುವೆ ಅಕ್ಷರಗಳು ಬೂದಿಬಣ್ಣವಾಗಿ ಕೊನೆಗೆ ಮಾಯವಾದವು. ಮಸಿಯೇ ಕೆಟ್ಟದ್ದೆಂದೂ ಕಾರ್ಟ್ರಿಜ್ಜು ಹಾಳಾಯಿತೆಂದೂ ತೀರ್ಮಾನಿಸಿ ಅದನ್ನು ಎಸೆಯುವುದರಲ್ಲಿದ್ದೆವು. ಮನೆಯ ಹಿರಿಯರೊಬ್ಬರು, "ಅದಕ್ಕೆ ಉಸಿರಾಡಲು ದಾರಿಯನ್ನೇ ಇಟ್ಟಿಲ್ಲವಲ್ಲ!" ಎಂದರು. ಪಟ್ಟಿಗೆ ಸೂಜಿಯಿಂದ ಒಂದು ತೂತು ಮಾಡಿದೆವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿದಾಗ ಉಳಿದ ಪುಟಗಳೆಲ್ಲ ಬಂದವು. ತಪ್ಪು ಮಸಿಯದಾಗಿರಲಿಲ್ಲ, ಯಂತ್ರದ್ದೂ ಆಗಿರಲಿಲ್ಲ, ನಮ್ಮ ತಿಳಿವಳಿಕೆಯದಾಗಿತ್ತು.

ಮಸಿಯ ಜಾತಿಗಳು

ಕನ್ನಡದಲ್ಲಿ ನಾವು ಮಸಿ ಎನ್ನುತ್ತೇವೆ, ಶಾಯಿ ಎಂದೂ ಎನ್ನುತ್ತೇವೆ. ನಮ್ಮ ನೆರೆಹೊರೆಯ ಮರಾಠಿಗರೂ ಶಾಯಿ ಎಂದೇ ಅನ್ನುತ್ತಾರೆ. ಕಪ್ಪು ಎಂಬ ಅರ್ಥದ ಪಾರಸಿ ಮಾತಿನಿಂದ ಬಂದ ಪದವಿದು. ಮಸಿ ಎಂದರೆ ಕಪ್ಪು ಎಂಬ ಭಾವನೆಗೆ ಕಾರಣವೂ ಉಂಟು. ದೀಪದ ಕಾಡಿಗೆಯೇ ಹಿಂದಿನವರ ಮಸಿಗೆ ಮೂಲವಸ್ತು. ತಾಳೆಗರಿಯ ಮೇಲೆ ಕಂಠದಿಂದ ಅಕ್ಷರಗಳನ್ನು ಕೊರೆದು ಅದರ ಮೇಲೆ ಕಾಡಿಗೆಯನ್ನು ತೀಡುತ್ತಿದ್ದರು. ಕನ್ನಡನಾಡಿನಲ್ಲಿ ಇದಕ್ಕೆ ವಿಲೋಮವಾದ ಪದ್ಧತಿಯೂ ಇದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪು ಮಾಡಿ, ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಅದೇ ಕಡತ. ಬೇಡವಾದಾಗ ಒರೆಸಿ, ಮತ್ತೆ ಬಳಿದು, ಮತ್ತೆ ಬರೆಯಬಹುದಾಗಿತ್ತು. ಇಂದು ಕಚೇರಿಗಳಲ್ಲಿ ಕಡತವೆಂದು ಕರೆಯುವ ಕಾಗದದ ಕಟ್ಟಿಗೆ ಆ ಹೆಸರು ಬಂದದ್ದು ಇದರಿಂದಲೇ.

ಪ್ರಿಂಟರಿನ ಮಸಿಯಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ಮೊದಲನೆಯದರಲ್ಲಿ ಸಕ್ಕರೆ ನೀರಿನಲ್ಲಿ ಕರಗುವಂತೆ ಬಣ್ಣವು ಪೂರ್ಣವಾಗಿ ಕರಗಿರುತ್ತದೆ. ಇದು ಹೊಳಪಾದದ್ದು, ಆದರೆ ನೀರು ತಗಲಿದರೆ ಹರಡುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಎರಡನೆಯದರಲ್ಲಿ ಬಣ್ಣದ ಅತಿ ನವುರಾದ ಕಣಗಳು ಕರಗದೆ ತೇಲುತ್ತಿರುತ್ತವೆ. ಇದು ಹೆಚ್ಚು ಕಾಲ ಬಾಳುತ್ತದೆ. ಅನೇಕ ಯಂತ್ರಗಳ ಕಪ್ಪು ಮಸಿ ಈ ಎರಡನೆಯ ಜಾತಿಯದು; ಅದರಲ್ಲಿರುವ ಕಣಗಳು ಇಂಗಾಲದ ಮಸಿಯವೇ. ಅಜ್ಜಂದಿರು ದೀಪದ ಮೇಲೆ ಹಿಡಿದು ಸಂಗ್ರಹಿಸುತ್ತಿದ್ದ ಕಾಡಿಗೆಯ ವಂಶದ್ದೇ ಅದು! ಎರಡೂ ಜಾತಿಗಳಲ್ಲಿ ನೀರು ಬಹುಪಾಲು ಇರುತ್ತದೆ. ರಂಧ್ರದ ಬಾಯಿಯಲ್ಲಿ ಒಣಗದಂತೆ ಗ್ಲಿಸರಿನ್ ಮೊದಲಾದ ದ್ರವಗಳನ್ನೂ ಬೂಸು ಹಿಡಿಯದಂತೆ ಔಷಧವನ್ನೂ ಸೇರಿಸಿರುತ್ತಾರೆ.

ಪ್ರತಿಯೊಂದು ಮಸಿಗೂ ಅದರದರ ಕೆಲಸವುಂಟು. ಮೈಸೂರಿನಲ್ಲಿ 1937ರಲ್ಲಿ ಸ್ಥಾಪನೆಯಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಕರೆಯಲಾಗುವ ಕಾರ್ಖಾನೆಯಿಂದ 1962ರ ಸಾರ್ವತ್ರಿಕ ಚುನಾವಣೆಯ ಕಾಲದಿಂದಲೂ ಮತದಾರರ ಬೆರಳಿಗೆ ಹಚ್ಚುವ ಶಾಯಿ ಬರುತ್ತಿದೆ. ಅದರಲ್ಲಿ ಬೆಳ್ಳಿಯ ಲವಣವಿರುವುದರಿಂದ ತೊಳೆದರೂ ಹೋಗುವುದಿಲ್ಲ. ಬೆರಳಿಗೆ ಯೋಗ್ಯವಾದ ಆ ಶಾಯಿ ಪೆನ್ನಿಗೆ ಯೋಗ್ಯವಲ್ಲ; ಪೆನ್ನಿನ ಶಾಯಿ ಪ್ರಿಂಟರಿಗೆ ಯೋಗ್ಯವಲ್ಲ. 'ಹೇಗಿದ್ದರೂ ಮಸಿಯೇ ತಾನೆ' ಎಂದು ಪೆನ್ನಿನ ದೌತಿಯಿಂದ ತುಂಬಿದರೆ ರಂಧ್ರಗಳು ಕಟ್ಟಿಕೊಳ್ಳುವ ಸಂಭವವುಂಟು. ಎರಡು ಜಾತಿಯ ಮಸಿಗಳನ್ನು ಬೆರೆಸಿದರೂ ಕಣಗಳು ಗಂಟುಗಟ್ಟಬಹುದು. ಆದುದರಿಂದ ನಮ್ಮ ಯಂತ್ರದ ಮಾದರಿಗೆ ಹೊಂದುವ ಮಸಿಯನ್ನೇ ಕೇಳಿ ತರಬೇಕು. ಬುಧವಾರ ಪೇಠೆಯ ತಪಕೀರ ಗಲ್ಲಿಯಂಥ ಇಲೆಕ್ಟ್ರಾನಿಕ್ ಸಾಮಾನುಗಳ ಪೇಟೆಗೆ ಹೋಗುವಾಗ ಹಳೆಯ ಕಾರ್ಟ್ರಿಜ್ಜನ್ನೇ ಜೊತೆಗೆ ಒಯ್ಯುವುದು ಒಳ್ಳೆಯದು. ಅದರ ಮೈಮೇಲೆ ಸಂಖ್ಯೆ ಇರುತ್ತದೆ.

ತುಂಬುವ ಕ್ರಮ

ಈ ಕೆಲಸವನ್ನು ವಿದ್ಯಾರ್ಥಿಗಳು ಮನೆಯ ಹಿರಿಯರ ಸಮಕ್ಷಮದಲ್ಲಿಯೇ ಮಾಡತಕ್ಕದ್ದು. ಸೂಜಿ ಹರಿತವಾದ ವಸ್ತು. ಒಮ್ಮೆ ಔಷಧಕ್ಕೆ ಬಳಸಿದ ಸಿರಿಂಜನ್ನು ಎಂದಿಗೂ ಮುಟ್ಟಕೂಡದು. ಹೊಸ ಸಿರಿಂಜು, ಹಳೆಯ ವರ್ತಮಾನಪತ್ರಿಕೆ, ಟಿಶ್ಯೂ ಕಾಗದ, ರಬ್ಬರಿನ ಕೈಗವಸು, ಅಂಟುಪಟ್ಟಿ ಇಷ್ಟಿದ್ದರೆ ಸಾಕು.

ಮೊದಲನೆಯದಾಗಿ, ಮಸಿ ಪೂರ್ಣ ಬತ್ತುವ ತನಕ ಕಾಯಬಾರದು. ಶಾಖದ ಯಂತ್ರದಲ್ಲಿ ಒಲೆಗಳನ್ನು ತಂಪಾಗಿಡುವುದೂ ಮಸಿಯೇ. ಬರಿಯ ಬಾಣಲೆಯನ್ನು ಒಲೆಯ ಮೇಲಿಟ್ಟಂತೆ, ಮಸಿಯಿಲ್ಲದೆ ನಡೆಸಿದರೆ ಒಲೆಗಳು ಸುಟ್ಟುಹೋಗುತ್ತವೆ. ಅಕ್ಷರ ಮಾಸತೊಡಗಿದೊಡನೆ ನಿಲ್ಲಿಸಬೇಕು.

ಎರಡನೆಯದಾಗಿ, ಕಾರ್ಟ್ರಿಜ್ಜನ್ನು ಪತ್ರಿಕೆಯ ಮೇಲಿಟ್ಟು ಚೀಟಿಯನ್ನು ಮೆಲ್ಲಗೆ ಎತ್ತಿ ತೂತನ್ನು ಕಂಡುಕೊಳ್ಳಬೇಕು. ತಳದ ತಗಡನ್ನೂ ಬದಿಯ ತಾಮ್ರಬಣ್ಣದ ಚುಕ್ಕೆಗಳನ್ನೂ ಬೆರಳಿನಿಂದ ಮುಟ್ಟಬಾರದು. ಬಣ್ಣದ ಕಾರ್ಟ್ರಿಜ್ಜಿನಲ್ಲಿ ನೀಲಿ, ಕೆನ್ನೇರಳೆಗೆಂಪು, ಹಳದಿ ಎಂಬ ಮೂರು ಕೋಣೆಗಳಿರುತ್ತವೆ. ಯಾವ ಕೋಣೆ ಎಲ್ಲಿದೆಯೆಂದು ಊಹಿಸಲಾಗದು. ಹಲ್ಲುಕಡ್ಡಿಯನ್ನು ಪ್ರತಿಯೊಂದು ತೂತಿನಲ್ಲಿಯೂ ತುಸು ಇಳಿಸಿ ತೆಗೆದರೆ ತುದಿಗೆ ಹತ್ತಿದ ಬಣ್ಣವೇ ಹೇಳುತ್ತದೆ. ಒಂದು ಕೋಣೆಗೆ ಒಂದು ಹೊಸ ಕಡ್ಡಿ.

ಮೂರನೆಯದಾಗಿ, ಸಿರಿಂಜಿನಲ್ಲಿ ಮಸಿಯನ್ನು ಎಳೆದುಕೊಂಡು, ಸೂಜಿಯನ್ನು ಮೇಲ್ಮುಖವಾಗಿ ಹಿಡಿದು, ಒಳಗಿನ ಗಾಳಿಯನ್ನು ಹೊರಗೆ ಕಳಿಸಬೇಕು. ಆಮೇಲೆ ಸೂಜಿಯನ್ನು ಸ್ಪಂಜಿನೊಳಕ್ಕೆ ಇಳಿಸಬೇಕು. ತಳಕ್ಕೆ ತಾಗಿಸಬಾರದು, ಅಲ್ಲಿ ಸೂಕ್ಷ್ಮವಾದ ಜಾಲರಿ ಇರುತ್ತದೆ. ಅವಸರದಿಂದ ತಳ್ಳಿದರೆ ಸ್ಪಂಜು ಹೀರುವುದಕ್ಕೆ ಮೊದಲೇ ಮಸಿ ಉಕ್ಕುತ್ತದೆ. ಒಂದೊಂದು ಹನಿಯಾಗಿ ತಳ್ಳುತ್ತ, ಚಿಕ್ಕ ಕಾರ್ಟ್ರಿಜ್ಜಿಗೆ ಎರಡು ಮೂರು ಮಿಲಿಲೀಟರಿನಲ್ಲಿ ತೃಪ್ತರಾಗಬೇಕು. ತೂತಿನ ಬಾಯಿಯಲ್ಲಿ ಮಸಿ ಕಾಣಿಸಿದರೆ ತುಂಬಿತೆಂದರ್ಥ. ಕೂಡಲೆ ತುಸು ಹಿಂದಕ್ಕೆ ಎಳೆದುಕೊಳ್ಳಬೇಕು.

ನಾಲ್ಕನೆಯದಾಗಿ, ಚೀಟಿಯನ್ನು ಮತ್ತೆ ಅಂಟಿಸಿ ಗಾಳಿಯ ದಾರಿ ತೆರೆದಿದೆಯೇ ಎಂದು ನೋಡಬೇಕು. ತಳದ ತಗಡನ್ನು ಮಡಿಸಿದ ಟಿಶ್ಯೂ ಕಾಗದದ ಮೇಲೆ ಹಗುರವಾಗಿ ಒತ್ತಿದರೆ ಮಸಿಯ ಗೆರೆಗಳು ಮೂಡುತ್ತವೆ. ಗೆರೆ ತುಂಡಾಗದೆ ಮೂಡಿತೆಂದರೆ ದಾರಿ ಸುಗಮವಾಗಿದೆ. ಉಜ್ಜಕೂಡದು.

ಐದನೆಯದಾಗಿ, ಯಂತ್ರದಲ್ಲಿಟ್ಟು ರಂಧ್ರಗಳ ಪರೀಕ್ಷೆಯ ಪುಟವನ್ನು ತೆಗೆಯಬೇಕು. ಗೆರೆ ತುಂಡಾಗಿದ್ದರೆ ಯಂತ್ರದ ಶುಚಿಗೊಳಿಸುವ ಕ್ರಮವನ್ನು ಒಂದೆರಡು ಸಲ ನಡೆಸಬಹುದು. ಮೇಲಿಂದ ಮೇಲೆ ನಡೆಸಿದರೆ ತುಂಬಿದ ಮಸಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. ತಗಡಿನ ಮೇಲೆ ಮಸಿ ಒಣಗಿದ್ದರೆ ಭಟ್ಟಿ ಇಳಿಸಿದ ನೀರಿನಲ್ಲಿ ತೊಯಿಸಿದ ಟಿಶ್ಯೂ ಕಾಗದದ ಮೇಲೆ ಕೆಲವು ನಿಮಿಷ ಇಡಬೇಕು. ನಲ್ಲಿಯ ನೀರು ಬೇಡ. ಅದರಲ್ಲಿಯ ಲವಣಗಳು ರಂಧ್ರದಲ್ಲಿ ಉಳಿಯುತ್ತವೆ.

ತುಂಬಿದ ಮೇಲೂ ಗಣಕಯಂತ್ರವು 'ಮಸಿಯಿಲ್ಲ' ಎಂದೇ ಹೇಳಬಹುದು. ಅನೇಕ ಯಂತ್ರಗಳು ಒಳಗೆ ಇಣಿಕಿ ನೋಡುವುದಿಲ್ಲ. ಎಷ್ಟು ಹನಿ ಚಿಮ್ಮಿತೆಂದು ಎಣಿಸಿ ಅಂದಾಜು ಹೇಳುತ್ತವೆ. ಅಂಥಲ್ಲಿ ಕಣ್ಣನ್ನೇ ನಂಬಬೇಕು. ನಮ್ಮ ಲಿಪಿ ಇದಕ್ಕೆ ಒಳ್ಳೆಯ ಪರೀಕ್ಷೆ. ಕೆಲವು ರಂಧ್ರಗಳು ಕಟ್ಟಿಕೊಂಡರೆ ಅಕ್ಷರದ ಅಡಿಯ ಸೀಳು ಮಾಯವಾಗಿ 'ಧನ' ಹೋಗಿ 'ದನ'ವಾಗುತ್ತದೆ, 'ಭಾರ'ವು 'ಬಾರ'ವಾಗುತ್ತದೆ. ಪರೀಕ್ಷೆಯ ಪುಟದಲ್ಲಿ ಒತ್ತಕ್ಷರ, ಮಹಾಪ್ರಾಣಗಳು ಹೆಚ್ಚಾಗಿರುವ ನಾಲ್ಕು ಸಾಲುಗಳನ್ನು ಸಣ್ಣಕ್ಷರದಲ್ಲಿ ತೆಗೆದು ನೋಡಿರಿ.

ನಮ್ಮ ಊರಿನ ಹವೆಯನ್ನೂ ಲಕ್ಷ್ಯದಲ್ಲಿಡಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಪುಣೆಯ ಗಾಳಿ ಒಣಗಿರುತ್ತದೆ. ಶಾಲೆಗೆ ರಜೆಯಿದ್ದು ಪ್ರಿಂಟರ್ ಸುಮ್ಮನೆ ಕುಳಿತಿರುತ್ತದೆ. ರಂಧ್ರಗಳು ಕಟ್ಟಿಕೊಳ್ಳಲು ಇದೇ ಕಾಲ. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಸಣ್ಣ ಚಿತ್ರವನ್ನು ತೆಗೆದರೆ ಸಾಕು. ಮಳೆಗಾಲದಲ್ಲಿ ಕಾಗದವೇ ತೇವ ಹಿಡಿದು ಅಕ್ಷರದ ಅಂಚು ಹರಡುತ್ತದೆ; ಆಗ ಕಾಗದದ ಕಟ್ಟನ್ನು ಮುಚ್ಚಿಡಬೇಕು.

ಒಂದು ಎಚ್ಚರಿಕೆ: ಲೇಸರ್ ಪ್ರಿಂಟರುಗಳಲ್ಲಿರುವುದು ಮಸಿಯಲ್ಲ, ಟೋನರ್ ಎಂಬ ನುಣ್ಣನೆಯ ಪುಡಿ. ಅದು ಗಾಳಿಯಲ್ಲಿ ಹಾರಿ ಉಸಿರಿನೊಡನೆ ಒಳಹೋಗುತ್ತದೆ. ಅದನ್ನು ಮನೆಯಲ್ಲಿ ತುಂಬುವ ಸಾಹಸಕ್ಕೆ ಹೋಗಬಾರದು.

ಲಾಭವೇ, ನಷ್ಟವೇ?

ಇದನ್ನು ಬಾಯಿಮಾತಿನಿಂದ ನಿರ್ಣಯಿಸದೆ ಲೆಕ್ಕದಿಂದ ನಿರ್ಣಯಿಸೋಣ. ಕೆಳಗಿನ ಬೆಲೆಗಳು ಲೆಕ್ಕಕ್ಕಾಗಿ ಹಿಡಿದವು ಮಾತ್ರ. ಹೊಸ ಕಾರ್ಟ್ರಿಜ್ಜಿಗೆ 900 ರೂಪಾಯಿ, ಅದರಿಂದ 180 ಪುಟಗಳು ಎಂದಿಟ್ಟುಕೊಳ್ಳೋಣ. ಪುಟವೊಂದಕ್ಕೆ 5 ರೂಪಾಯಿ ಬಿದ್ದಂತಾಯಿತು. ಈಗ 300 ರೂಪಾಯಿಯ ಮಸಿಯ ಶೀಶೆಯನ್ನು ತಂದು ಅದೇ ಕಾರ್ಟ್ರಿಜ್ಜನ್ನು ಐದು ಸಲ ತುಂಬಿದೆವು, ಪ್ರತಿ ಸಲ 150 ಪುಟಗಳು ಬಂದವು ಎನ್ನೋಣ. ಒಟ್ಟು ಖರ್ಚು 1200 ರೂಪಾಯಿ. ಒಟ್ಟು ಪುಟಗಳು 930. ಪುಟವೊಂದಕ್ಕೆ ಸುಮಾರು 1 ರೂಪಾಯಿ 29 ಪೈಸೆ.

ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಶೀಶೆಯನ್ನು ತಂದ ಮೇಲೆ ಮೊದಲ ಸಲವೇ ಕಾರ್ಟ್ರಿಜ್ಜು ಕೆಟ್ಟುಹೋದರೆ? ಆಗ 1200 ರೂಪಾಯಿಗೆ ಬಂದದ್ದು 180 ಪುಟ ಮಾತ್ರ; ಪುಟವೊಂದಕ್ಕೆ ಸುಮಾರು 6 ರೂಪಾಯಿ 67 ಪೈಸೆ. ತುಂಬದೆ ಇದ್ದವನಿಗಿಂತ ತುಂಬಲು ಹೋದವನಿಗೇ ಹೆಚ್ಚು ಖರ್ಚು! ಒಂದೇ ಸಲ ಸರಿಯಾಗಿ ತುಂಬಿದರೂ ಪುಟದ ಬೆಲೆ ಸುಮಾರು 3 ರೂಪಾಯಿ 64 ಪೈಸೆಗೆ ಇಳಿಯುತ್ತದೆ. ಉಳಿತಾಯವು ಮಸಿಯ ಅಗ್ಗದ ಬೆಲೆಯಲ್ಲಿಲ್ಲ, ತುಂಬುವವನ ತಾಳ್ಮೆಯಲ್ಲಿದೆ ಎಂಬುದು ಈ ಲೆಕ್ಕದ ತಾತ್ಪರ್ಯ. ಎಷ್ಟು ಎಚ್ಚರದಿಂದ ತುಂಬಿದರೂ ಒಲೆಗಳು ಒಂದು ದಿನ ಸವೆಯುವುವು, ಅದನ್ನೂ ಮರೆಯಬಾರದು.

ಕೊಂಡ ಮೇಲೆ ಅದು ಯಾರದು?

ಕೆಲವು ಕಾರ್ಟ್ರಿಜ್ಜುಗಳಲ್ಲಿ ಸಣ್ಣದೊಂದು ಚಿಪ್ ಇರುತ್ತದೆ. ಎಣಿಕೆ ಮುಗಿದೊಡನೆ ಅದು ಯಂತ್ರಕ್ಕೆ ಮುದ್ರಿಸಬೇಡವೆಂದು ಹೇಳುತ್ತದೆ. ಒಳಗೆ ಮಸಿ ತುಂಬಿದ್ದರೂ ಯಂತ್ರ ಒಪ್ಪುವುದಿಲ್ಲ. ಅಂಥ ಕಡೆ ನಮ್ಮ ಸೂಜಿಯ ಆಟ ನಡೆಯದು. ಯಂತ್ರವನ್ನು ಕಡಿಮೆ ಬೆಲೆಗೆ ಮಾರಿ ಮಸಿಯಿಂದ ಲಾಭ ಪಡೆಯುವ ವ್ಯಾಪಾರದ ಕ್ರಮ ಇದರ ಹಿಂದಿದೆ. ಯೋಗ್ಯವಲ್ಲದ ಮಸಿಯಿಂದ ಯಂತ್ರ ಕೆಡುತ್ತದೆ, ಆ ಅಪವಾದ ತಮ್ಮ ಮೇಲೆ ಬರುತ್ತದೆ ಎಂಬುದು ತಯಾರಕರ ವಾದ. ಅದರಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ಹಣ ಕೊಟ್ಟು ಕೊಂಡ ಪಾತ್ರೆಗೆ ಮತ್ತೆ ಏನನ್ನು ತುಂಬಬೇಕೆಂದು ಹೇಳುವ ಅಧಿಕಾರ ಮಾರಿದವನಿಗೆ ಉಳಿಯುತ್ತದೆಯೇ?

ಈ ಪ್ರಶ್ನೆ ಅಮೇರಿಕೆಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಲೇಸರ್ ಯಂತ್ರದ ಟೋನರ್ ಕಾರ್ಟ್ರಿಜ್ಜುಗಳನ್ನು ಕುರಿತ ಆ ಮೊಕದ್ದಮೆ ಲೆಕ್ಸ್‌ಮಾರ್ಕ್ ಕಂಪನಿಗೂ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಚಿಕ್ಕ ಕಂಪನಿಗೂ ನಡುವೆ ನಡೆದದ್ದು. ವಸ್ತುವನ್ನು ಮಾರಿದೊಡನೆ ಅದರ ಮೇಲಿನ ಪೇಟೆಂಟಿನ ಹಕ್ಕು ಮುಗಿಯುತ್ತದೆ ಎಂದು ನ್ಯಾಯಾಲಯವು 2017ರ ಮೇ 30ರಂದು ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲಿಯೂ ಕೊಂಡ ವಸ್ತುಗಳನ್ನು ದುರಸ್ತಿ ಮಾಡಿಕೊಳ್ಳುವ ಹಕ್ಕಿನ ಸಲುವಾಗಿ ಕೇಂದ್ರ ಸರಕಾರ 2022ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಿತು.

ಜನರ ಕೈಗೆಲಸವು ದೊಡ್ಡ ಕಂಪನಿಗಳ ಕ್ರಮವನ್ನೂ ತಿದ್ದಬಲ್ಲುದು. ಏಷ್ಯದ ಅನೇಕ ಊರುಗಳಲ್ಲಿ ಜನರು ಪ್ರಿಂಟರಿನ ಹೊರಗೆ ಮಸಿಯ ಶೀಶೆಗಳನ್ನು ಕಟ್ಟಿ, ಕೊಳವೆಗಳ ಮೂಲಕ ಒಳಕ್ಕೆ ಮಸಿ ಹರಿಸುವ ಏರ್ಪಾಡನ್ನು ತಾವೇ ಮಾಡಿಕೊಂಡಿದ್ದರು. ಇದನ್ನು ಕಂಡ ಎಪ್ಸನ್ ಕಂಪನಿ 2010ರಲ್ಲಿ ಇಂಡೊನೇಷ್ಯದಲ್ಲಿ ಶೀಶೆಯಿಂದ ಮಸಿ ತುಂಬುವ ತೊಟ್ಟಿಯುಳ್ಳ ಯಂತ್ರವನ್ನು ತಾನೇ ಮಾರತೊಡಗಿತು. ಇಂದು ಇಂಥ ಯಂತ್ರಗಳು ನಮ್ಮ ಪೇಟೆಯಲ್ಲಿಯೂ ಸಾಮಾನ್ಯ. ಅವುಗಳಿಗೆ ಸೂಜಿಯೂ ಬೇಡ, ಮೈಲಿಗೆಯೂ ಇಲ್ಲ. ಹೊಸ ಯಂತ್ರವನ್ನು ಕೊಳ್ಳುವ ಮನೆಯವರು ಇದನ್ನು ವಿಚಾರಿಸುವುದು ಒಳಿತು. ಹಳೆಯ ಯಂತ್ರವಿದ್ದವರಿಗೆ ಸೂಜಿಯೇ ಗತಿ.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಕಾರ್ಟ್ರಿಜ್ಜು ಕೊನೆಗೊಂದು ದಿನ ನಿಜವಾಗಿಯೂ ಕೆಡುತ್ತದೆ. ಆಗ ಏನು ಮಾಡಬೇಕು? ಮುಂಜಾನೆ ನಮ್ಮ ಮನೆಯ ಬಾಗಿಲಿಗೆ ಬಂದು ಕಸ ಒಯ್ಯುವವರನ್ನು ನೀವು ನೋಡಿದ್ದೀರಿ. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ' ಎಂಬ ಸಂಘವನ್ನು ಕಟ್ಟಿಕೊಂಡರು. ಕಾಗದ, ಗಾಜು, ತಗಡು ಇವನ್ನು ಆಯ್ದು ಬದುಕುವ ಶ್ರಮಿಕರ ಪಂಚಾಯತಿ ಎಂದು ಅದರ ಅರ್ಥ. ಅದರಿಂದ ಬೆಳೆದ 'ಸ್ವಚ್ಛ' ಎಂಬ ಸಹಕಾರಿ ಸಂಸ್ಥೆ 2008ರಲ್ಲಿ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸವನ್ನು ಒಯ್ಯತೊಡಗಿತು. ನಾವು ಎಸೆದ ಪ್ರತಿಯೊಂದು ವಸ್ತುವನ್ನೂ ಅವರು ಕೈಯಿಂದ ಬೇರ್ಪಡಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಮಸಿ ಸೋರುವ ಕಾರ್ಟ್ರಿಜ್ಜನ್ನೂ ತೆರೆದ ಸೂಜಿಯನ್ನೂ ಬುಟ್ಟಿಗೆ ಹಾಕಿದರೆ ಅದು ಸೇರುವುದು ಯಾರದೋ ತಾಯಿಯ ಅಂಗೈಯನ್ನು.

ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳಲ್ಲಿ ಪ್ರಿಂಟರುಗಳೊಡನೆ ಕಾರ್ಟ್ರಿಜ್ಜುಗಳ ಹೆಸರೂ ಇದೆ. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಆದುದರಿಂದ ಕೆಟ್ಟ ಕಾರ್ಟ್ರಿಜ್ಜನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟು ಇ-ತ್ಯಾಜ್ಯವೆಂದು ಹೇಳಿಯೇ ಒಪ್ಪಿಸತಕ್ಕದ್ದು. ಸೂಜಿಗೆ ಅದರ ಮುಚ್ಚಳವನ್ನು ಹಾಕಿ, ಗಟ್ಟಿಯಾದ ಡಬ್ಬಿಯಲ್ಲಿಟ್ಟು, ಮೇಲೆ ಬರೆದು, ಹಿರಿಯರ ಕೈಯಿಂದಲೇ ಬೇರೆಯಾಗಿ ಕೊಡಿಸಬೇಕು.

ಒಂದು ಕಾರ್ಟ್ರಿಜ್ಜನ್ನು ಐದು ಸಲ ತುಂಬಿದರೆ ಐದು ಕಾರ್ಟ್ರಿಜ್ಜುಗಳು ಆ ಅಂಗೈಗಳಿಗೆ ಹೋಗುವುದು ತಪ್ಪುತ್ತದೆ. ಮನೆಯ ಹಣ ಉಳಿಯುವುದು ಒಂದು ಲಾಭ, ಇದು ಇನ್ನೊಂದು. ಮೂರನೆಯ ಲಾಭ ವಿದ್ಯಾರ್ಥಿಗಳಾದ ನಮಗೆ ಸಲ್ಲುವಂಥದು. ತುಂಬಲೆಂದು ಹೋದವನು ಕೇಶಾಕರ್ಷಣೆಯನ್ನೂ ಗಾಳಿಯ ಒತ್ತಡವನ್ನೂ ಶಾಖದ ಕೆಲಸವನ್ನೂ ಕಣ್ಣಾರೆ ಕಂಡು ಬರುತ್ತಾನೆ. ಪುಸ್ತಕದಲ್ಲಿ ಓದಿದ್ದು ಅವನ ಬೆರಳ ತುದಿಗೆ ಬರುತ್ತದೆ. ಕೆಲವು ದಿನ ಬೆರಳ ತುದಿ ಕಪ್ಪಾಗಿಯೂ ಇರುತ್ತದೆ, ಅದಕ್ಕೆ ನಾಚಬೇಕಾದದ್ದಿಲ್ಲ.

ಮಾಡಿ ನೋಡಿರಿ

1. ಒಂದು ಲೋಟ ನೀರಿನಲ್ಲಿ ಹತ್ತಿಯ ಬತ್ತಿಯ ಒಂದು ತುದಿಯನ್ನು ಅದ್ದಿ ಇನ್ನೊಂದನ್ನು ಹೊರಗೆ ಬಿಡಿರಿ. ನೀರು ಎಷ್ಟು ಹೊತ್ತಿನಲ್ಲಿ ಏರಿ ಬರುತ್ತದೆ?

2. ಮುಚ್ಚಳವುಳ್ಳ ಪ್ಲಾಸ್ಟಿಕ್ ಶೀಶೆಯಲ್ಲಿ ನೀರು ತುಂಬಿ, ಹಿರಿಯರಿಂದ ತಳದ ಬಳಿ ಸಣ್ಣ ತೂತು ಮಾಡಿಸಿರಿ. ಮುಚ್ಚಳವನ್ನು ಬಿಗಿದಾಗ ಏನಾಗುತ್ತದೆ? ಸಡಿಲಿಸಿದಾಗ ಏನಾಗುತ್ತದೆ? ಕಾರಣ ಬರೆಯಿರಿ.

3. ನಿಮ್ಮ ಮನೆಯ ಪ್ರಿಂಟರಿನ ಕಾರ್ಟ್ರಿಜ್ಜಿನ ಬೆಲೆಯನ್ನೂ ಅದರಿಂದ ಬರುವ ಪುಟಗಳನ್ನೂ ಗುರುತು ಹಾಕಿಟ್ಟು, ಪುಟವೊಂದಕ್ಕೆ ಬೀಳುವ ಖರ್ಚನ್ನು ಕಂಡುಹಿಡಿಯಿರಿ.

4. ಮುದ್ರಿಸಿದ ಒಂದು ಹಾಳೆಯನ್ನು ಎರಡು ಮಾಡಿ, ಒಂದು ತುಂಡನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ಇನ್ನೊಂದನ್ನು ಪುಸ್ತಕದೊಳಗೆ ಒಂದು ತಿಂಗಳು ಇಡಿರಿ. ಆಮೇಲೆ ಎರಡನ್ನೂ ಹೋಲಿಸಿ, ನಿಮ್ಮ ಮನೆಯ ಮಸಿ ಯಾವ ಜಾತಿಯದಾಗಿರಬಹುದೆಂದು ಊಹಿಸಿರಿ.